ಆರಾಧನೆಯಲ್ಲಿ ಮೂರನೆಯ ದನಿ

ಭಾನುವಾರದ ಆರಾಧನೆ ಹೇಗೆ ಸಾಗಲಿದೆ ಅನ್ನೋದು ಮೊದಲ ಎರಡು ಮೂರು ನಿಮಿಷದಲ್ಲೇ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ಮುಂದೆ ಬಂದು ನಿಂತವರ ಮೊದಲ ಮಾತು ಯಾರ ಬಗ್ಗೆ ಇರುತ್ತದೆ ಅಂತ ಗಮನಿಸಿ. ಎಲ್ಲರೂ ಚೆನ್ನಾಗಿದ್ದೀರಾ, ಇವತ್ತು ಯಾಕೋ ಜನ ಕಡಿಮೆ, ಹಿಂದೆ ಕೂತವರು ಮುಂದೆ ಬನ್ನಿ, ಹಲ್ಲೆಲೂಯ ಅಂದದ್ದು ಕೇಳಿಸಲೇ ಇಲ್ಲ, ಇನ್ನೊಂದು ಸಲ ಜೋರಾಗಿ ಹೇಳಿ. ಹೀಗೆ ಶುರುವಾದರೆ ಜನರ ಕಣ್ಣು ನಡೆಸುವವರ ಮೇಲೆ ನೆಟ್ಟುಬಿಡುತ್ತದೆ, ಆರಾಧನೆ ಮುಗಿಯುವವರೆಗೂ ಅಲ್ಲೇ ಇರುತ್ತದೆ. ಇನ್ನು ಕೆಲವರು ಬಂದು ನಿಲ್ಲುತ್ತಾರೆ. ಒಂದು ಗಳಿಗೆ ಸುಮ್ಮನಿರುತ್ತಾರೆ. ಆಮೇಲೆ 95ನೆಯ ಕೀರ್ತನೆಯ ಮೊದಲ ಆರು ವಚನಗಳನ್ನು ಅವಸರವಿಲ್ಲದೆ ಓದುತ್ತಾರೆ. ಬನ್ನಿ, ಹಾಡೋಣ ಎಂದು ಶುರುವಾಗಿ, ಬನ್ನಿ, ನಮ್ಮನ್ನು ಉಂಟುಮಾಡಿದವನ ಮುಂದೆ ಮೊಣಕಾಲೂರೋಣ ಎನ್ನುವಲ್ಲಿಗೆ ಬರುವ ಮಾತುಗಳು ಅವು. ಓದಿದವರು ತಮ್ಮ ಕಡೆಯಿಂದ ಏನನ್ನೂ ಸೇರಿಸಿಲ್ಲ. ಆದರೂ ಕೂತವರಿಗೆಲ್ಲ ತಾವು ಯಾರ ಮುಂದೆ ಬಂದಿದ್ದೇವೆ ಅನ್ನೋದು ಅರ್ಥವಾಗಿರುತ್ತದೆ.

ಕೆಲವು ವರ್ಷಗಳಿಂದ ನಾನೂ ಈ ಸೇವೆಯಲ್ಲಿದ್ದೇನೆ. ಬೇರೆಯವರು ನಡೆಸುವುದನ್ನು ಕೂತು ನೋಡುತ್ತಲೂ ಬಂದಿದ್ದೇನೆ. ಆರಾಧನೆಯನ್ನು ಭಕ್ತಿಯಿಂದ ನಡೆಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಸಾಮಾನ್ಯವಾಗಿ ಮಾತು ಹೋಗುವುದು ಹಾಡಿನ ಆಯ್ಕೆ, ವಾದ್ಯ, ಉಡುಪು, ದೀಪ, ಪರದೆ ಇಂಥವುಗಳ ಕಡೆಗೆ. ಅವೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ. ನಡೆಸುವವರು ಯಾರ ದನಿಯಲ್ಲಿ ಮಾತಾಡುತ್ತಿದ್ದಾರೆ?

ಯಾಕೆಂದರೆ ಆರಾಧನೆಯೊಳಗೆ ದೇವರೂ ಜನರೂ ಒಬ್ಬರಿಗೊಬ್ಬರು ಮಾತಾಡುತ್ತಾರೆ. ದೇವರು ಕರೆಯುತ್ತಾನೆ, ಜನ ಹಾಡುತ್ತಾ ಬರುತ್ತಾರೆ. ತಾನು ಎಂಥವನು ಎಂದು ತೋರಿಸುತ್ತಾನೆ, ಜನ ಪಾಪ ಒಪ್ಪಿಕೊಳ್ಳುತ್ತಾರೆ. ಕ್ಷಮೆ ಕೊಡುತ್ತಾನೆ, ಜನ ಸ್ತುತಿಸುತ್ತಾರೆ. ವಾಕ್ಯ ಕೊಡುತ್ತಾನೆ, ಜನ ನಂಬಿಕೆಯನ್ನು ಅರಿಕೆ ಮಾಡಿ ಕಾಣಿಕೆ ತರುತ್ತಾರೆ. ಯೆಶಾಯನ 6ನೆಯ ಅಧ್ಯಾಯ ಓದಿದರೆ ಇದೇ ದಾರಿ ಕಾಣುತ್ತದೆ. ಮೊದಲು ಸೆರಾಫಿಯರೆಂಬ ದೇವದೂತರ ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು ಎಂಬ ಕೂಗು. ಅದನ್ನು ಕೇಳಿದ ಪ್ರವಾದಿಗೆ ತನ್ನ ತುಟಿಗಳು ಎಷ್ಟು ಅಶುದ್ಧ ಅನ್ನೋದು ಗೊತ್ತಾಗುತ್ತದೆ. ಆಮೇಲೆ ಯಜ್ಞವೇದಿಯಿಂದ ತಂದ ಕೆಂಡ, ಕ್ಷಮೆಯ ಮಾತು. ಕೊನೆಗೆ ಯಾರನ್ನು ಕಳುಹಿಸಲಿ ಎಂಬ ಪ್ರಶ್ನೆ, ಇಗೋ ನಾನಿದ್ದೇನೆ ಎಂಬ ಉತ್ತರ. ಇದರ ನಡುವೆ ಮೂರನೆಯವರಿಗೆ ಹೇಳಲು ಏನೂ ಇಲ್ಲ ನೋಡಿ.

ಆರಾಧನೆ ನಡೆಸುವವರು ಸತ್ಯವೇದ ಓದುವಾಗ, ಕ್ಷಮೆ ಸಾರುವಾಗ, ಆಶೀರ್ವಚನ ಹೇಳುವಾಗ ದೇವರ ಮಾತನ್ನು ಜನರಿಗೆ ತಲುಪಿಸುತ್ತಾರೆ. ಪ್ರಾರ್ಥಿಸುವಾಗ, ಪಾಪ ಅರಿಕೆ ಮಾಡುವಾಗ, ಹಾಡುವಾಗ ಜನರ ಮಾತನ್ನು ದೇವರಿಗೆ ತಲುಪಿಸುತ್ತಾರೆ. ಎರಡೂ ಅವರ ಸ್ವಂತ ಮಾತಲ್ಲ. ಇವೆರಡರ ನಡುವೆ ಮೂರನೆಯ ದನಿಯೊಂದಿದೆ, ನಮ್ಮದೇ ದನಿ. ಸ್ವಾಗತ, ವಿವರಣೆ, ಹಾಡಿನ ಹಿನ್ನೆಲೆ, ನನಗೆ ಈ ವಾರ ಏನನ್ನಿಸಿತು, ಇದೀಗ ನಾವು ಏನು ಮಾಡಲಿದ್ದೇವೆ. ಈ ದನಿ ಒಂದಿಷ್ಟು ಬೇಕೇ ಬೇಕು. ಹೊಸದಾಗಿ ಬಂದವರಿಗೆ ಯಾವ ಪುಟ, ಯಾವಾಗ ಏಳಬೇಕು ಎಂದು ಹೇಳದೇ ಇದ್ದರೆ ಅದು ಭಕ್ತಿ ಅಲ್ಲ, ಅತಿಥಿಗೆ ಮಾಡುವ ಅನ್ಯಾಯ. ಆದರೆ ಈ ದನಿಗೆ ಬೆಳೆಯುವ ಚಾಳಿ ಇದೆ. ಬಿಟ್ಟರೆ ಎರಡು ಹಾಡುಗಳ ನಡುವೆ ಒಂದು ಪುಟ್ಟ ಪ್ರಸಂಗ ಹುಟ್ಟುತ್ತದೆ, ಓದುವ ಮೊದಲು ಒಂದು ಪೀಠಿಕೆ, ಓದಿದ ಮೇಲೆ ಒಂದು ಸಾರಾಂಶ, ಪ್ರಾರ್ಥನೆಯ ಒಳಗೂ ಜನರಿಗೆ ನಾಲ್ಕು ಬುದ್ಧಿಮಾತು. ಆರಾಧನೆಯಲ್ಲಿ ಭಕ್ತಿಭಯ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ. ದೊಡ್ಡ ಅಪಚಾರ ಏನೂ ಆಗಿರುವುದಿಲ್ಲ. ಸುಮ್ನೆ ಮಾತು ಜಾಸ್ತಿಯಾಗಿರುತ್ತದೆ. ದೇವರ ಮನೆಗೆ ಹೋಗುವಾಗ ಹೆಜ್ಜೆ ನೋಡಿ ಇಡು, ದೇವರು ಪರಲೋಕದಲ್ಲಿದ್ದಾನೆ, ನೀನು ಭೂಮಿಯ ಮೇಲಿದ್ದೀ, ಆದ್ದರಿಂದ ನಿನ್ನ ಮಾತು ಮಿತವಾಗಿರಲಿ ಎಂದು ಪ್ರಸಂಗಿಯ 5ನೆಯ ಅಧ್ಯಾಯ ಹೇಳುವುದು ಸುಮ್ಮನೆ ಅಲ್ಲ.

ಭಕ್ತಿಭಯ ಅಂದ ಕೂಡಲೇ ಕೆಲವರ ಕಣ್ಣಮುಂದೆ ಗಂಟುಮುಖ, ಎಳೆದೆಳೆದು ಹಾಡುವ ಹಾಡು, ಮಗು ಸ್ವಲ್ಪ ಅತ್ತರೂ ತಿರುಗಿ ನೋಡುವ ಜನ ಬಂದು ನಿಲ್ಲುತ್ತಾರೆ. ನಾನು ಅದನ್ನು ಹೇಳುತ್ತಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಕೊನೆಯಲ್ಲಿ ದೇವರಿಗೆ ಮೆಚ್ಚುಗೆಯಾಗುವ ಆರಾಧನೆಯನ್ನು ಭಕ್ತಿಯಿಂದಲೂ ಭಯದಿಂದಲೂ ಸಲ್ಲಿಸೋಣ, ಯಾಕೆಂದರೆ ನಮ್ಮ ದೇವರು ದಹಿಸುವ ಅಗ್ನಿ ಎಂಬ ಮಾತಿದೆ. ಅದೇ ವಾಕ್ಯದಲ್ಲಿ ಕೃತಜ್ಞತೆಯ ಮಾತೂ ಇದೆ. 2ನೆಯ ಕೀರ್ತನೆ ನಡುಗುತ್ತಾ ಸಂತೋಷಪಡಿ ಎನ್ನುತ್ತದೆ, ಎರಡನ್ನೂ ಒಟ್ಟಿಗೇ. 2 ಸಮುವೇಲ 6ನೆಯ ಅಧ್ಯಾಯದಲ್ಲಿ ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆಯನ್ನು, ಅಂದರೆ ಮಂಜೂಷವನ್ನು, ಮುಟ್ಟಿದ ಉಜ್ಜನು ಸತ್ತ ಸಂಗತಿಯೂ ದಾವೀದನು ಮೈಮರೆತು ಕುಣಿದ ಸಂಗತಿಯೂ ಒಂದರ ಹಿಂದೆ ಒಂದು ಬರುತ್ತವೆ. ಹಾಗಾಗಿ ಸದ್ದು ಎಷ್ಟಿದೆ ಎಂದು ಅಳೆದು ಭಕ್ತಿ ಎಷ್ಟಿದೆ ಎಂದು ಹೇಳಲಾಗದು. ಚಪ್ಪಾಳೆ ತಟ್ಟಿ ಹಾಡುವ ಸಭೆಯಲ್ಲಿ ದೇವರ ಮುಂದೆ ನಿಂತ ನಡುಕ ಇರಬಹುದು. ನೂರಾರು ವರ್ಷದ ಪ್ರಾರ್ಥನಾ ಪುಸ್ತಕ ಹಿಡಿದ ಸಭೆಯಲ್ಲಿ ಬಸ್ಸಿಗೆ ಹೊತ್ತಾಯಿತು ಎನ್ನುವಂತೆ ಓದಿ ಮುಗಿಸುವ ಉದಾಸೀನವೂ ಇರಬಹುದು. ಎರಡನ್ನೂ ನೋಡಿದ್ದೇನೆ.

ದಾವೀದನ ವಿಷಯದಲ್ಲಿ ಇನ್ನೊಂದು ಸಂಗತಿ. ಮೊದಲ ಸಲ ಮಂಜೂಷವನ್ನು ತರುವಾಗ ಉತ್ಸಾಹಕ್ಕೇನೂ ಕೊರತೆ ಇರಲಿಲ್ಲ. ವಾದ್ಯಗಳಿದ್ದವು, ಜನರಿದ್ದರು, ಹೊಸ ಬಂಡಿ ಇತ್ತು. ಆದರೆ ಅದನ್ನು ದೇವರ ಸೇವೆಗೆ ಮೀಸಲಾದ ಕುಲದವರಾದ ಲೇವಿಯರು ಹೆಗಲ ಮೇಲೆ ಹೊರಬೇಕು ಎಂದು ಮೊದಲೇ ಹೇಳಿದ್ದನ್ನು ಯಾರೂ ನೋಡಿರಲಿಲ್ಲ. ಎರಡನೆಯ ಸಲ ಆತ ಲೇವಿಯರನ್ನು ಕರೆಸಿ, ಹೋದ ಸಲ ನಾವು ನಿಯಮದ ಪ್ರಕಾರ ದೇವರನ್ನು ವಿಚಾರಿಸಲಿಲ್ಲ ಎನ್ನುತ್ತಾನೆ. 1 ಪೂರ್ವಕಾಲವೃತ್ತಾಂತ 15ರಲ್ಲಿದೆ. ಆ ಸಲ ಕುಣಿತ ಕಡಿಮೆಯಾಯಿತಾ? ಇಲ್ಲವಲ್ಲ! ತಯಾರಿ ಮಾಡಿದರೆ ಪವಿತ್ರಾತ್ಮನ ಕೆಲಸಕ್ಕೆ ಅಡ್ಡಿಯಾಗುತ್ತದೆ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಈ ಎರಡು ಅಧ್ಯಾಯ ಒಟ್ಟಿಗೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ಬರೆದ ಪ್ರಾರ್ಥನೆಯೋ ಮನಸ್ಸಿನಿಂದ ಬಂದ ಪ್ರಾರ್ಥನೆಯೋ ಎಂಬ ಜಗಳ ತುಂಬಾ ಹಳೆಯದು. ಸುಮಾರು 155ರ ಹೊತ್ತಿಗೆ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಕ್ರೈಸ್ತರ ಭಾನುವಾರದ ಕೂಟ ಹೇಗಿರುತ್ತದೆ ಎಂದು ವಿವರಿಸಿದ್ದಾನೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಹೊತ್ತು ಓದುತ್ತಾರೆ. ಆಮೇಲೆ ಮುಖ್ಯಸ್ಥನು ಪ್ರಸಂಗ ಮಾಡುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ಮುಖ್ಯಸ್ಥನು ತನ್ನ ಶಕ್ತಿ ಇರುವಷ್ಟು ಸ್ತೋತ್ರ ಮಾಡುತ್ತಾನೆ, ಜನ ಆಮೆನ್ ಎನ್ನುತ್ತಾರೆ. ನೋಡಿ, ಕ್ರಮ ಗಟ್ಟಿಯಾಗಿದೆ, ಆ ಕ್ರಮದ ಒಳಗೆ ಸ್ವಂತ ಮಾತಿಗೂ ಜಾಗ ಇದೆ. 1549ರಲ್ಲಿ ಇಂಗ್ಲೆಂಡಿನಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಸಿದ್ಧಪಡಿಸಿದ ಸಾಮಾನ್ಯ ಪ್ರಾರ್ಥನಾ ಪುಸ್ತಕ ಎಲ್ಲ ಮಾತುಗಳನ್ನೂ ಬರೆದೇ ಕೊಟ್ಟಿತು. ಸುಮಾರು ನೂರು ವರ್ಷದ ನಂತರ, 1645ರಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ್ದ ಬೋಧಕರ ಮಂಡಳಿಯವರು ಆ ಪುಸ್ತಕವನ್ನು ಬದಿಗಿಟ್ಟು ಪ್ರಾರ್ಥನೆಯ ಮುಖ್ಯ ಅಂಶಗಳನ್ನು ಮಾತ್ರ ಕೊಡುವ ಕೈಪಿಡಿ ತಂದರು. ಬರೆದುಕೊಟ್ಟರೆ ಬೋಧಕರು ಸೋಮಾರಿಗಳಾಗುತ್ತಾರೆ ಅನ್ನೋದು ಅವರ ದೂರು. ಬರೆದುಕೊಡದಿದ್ದರೆ ಸೋಮಾರಿಗಳು ಬಾಯಿಗೆ ಬಂದದ್ದು ಹೇಳುತ್ತಾರೆ ಎಂಬ ದೂರನ್ನು ನಾವು ಇವತ್ತೂ ಕೇಳುತ್ತೇವೆ. ನನಗೆ ಎರಡೂ ಕಡೆಯವರು ಒಂದೇ ರೋಗದ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಪುಸ್ತಕ ಇದ್ದರೂ ಇಲ್ಲದಿದ್ದರೂ ಶನಿವಾರ ರಾತ್ರಿ ಕೂತು ತಯಾರಾಗದವರು ಭಾನುವಾರ ಬೆಳಿಗ್ಗೆ ಬರಿಗೈಯಲ್ಲೇ ನಿಂತಿರುತ್ತಾರೆ.

ಸತ್ಯವೇದ ಓದುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಡೀ ಆರಾಧನೆಯಲ್ಲಿ ಇದಕ್ಕೆ ಸಿಗುವಷ್ಟು ಕಡಿಮೆ ಗಮನ ಇನ್ನಾವುದಕ್ಕೂ ಸಿಗುವುದಿಲ್ಲ. ಹಾಡಿಗೆ ಅಭ್ಯಾಸ ಇರುತ್ತದೆ, ಪ್ರಸಂಗಕ್ಕೆ ಒಂದು ವಾರದ ಓದು ಇರುತ್ತದೆ. ಓದುವವರನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸಿ, ಇವತ್ತು ನೀವು ಓದಿಬಿಡಿ ಎಂದು ಕೈಗೆ ಪುಸ್ತಕ ಕೊಡುತ್ತೇವೆ. ಆಮೇಲೆ ಅವರು ತೊದಲಿದರೆ ಯಾರ ತಪ್ಪು? ನೆಹೆಮೀಯನ 8ನೆಯ ಅಧ್ಯಾಯದಲ್ಲಿ ಎಜ್ರನು ಧರ್ಮಶಾಸ್ತ್ರ ಓದುವುದಕ್ಕೆಂದೇ ಮರದ ಪೀಠವೊಂದನ್ನು ಮಾಡಿಸಿಟ್ಟಿದ್ದರು. ಆತ ಗ್ರಂಥ ತೆರೆದಾಗ ಜನರೆಲ್ಲ ಎದ್ದು ನಿಂತರು. ಬೆಳಗಿನಿಂದ ಮಧ್ಯಾಹ್ನದವರೆಗೆ ಓದು ನಡೆಯಿತು. ಜನರಿಗೆ ತಿಳಿಯಲಿ ಎಂದು ಸ್ಪಷ್ಟವಾಗಿ ಓದಿದರು, ಅರ್ಥ ಬಿಡಿಸಿದರು. ಕೇಳುತ್ತಾ ಜನ ಅತ್ತುಬಿಟ್ಟರು! ಆಗ ಅವರನ್ನು ಸಮಾಧಾನ ಮಾಡಿ, ಯೆಹೋವನ ಆನಂದವೇ ನಿಮ್ಮ ಬಲ, ಹೋಗಿ ಊಟ ಮಾಡಿ, ಏನೂ ಇಲ್ಲದವರಿಗೂ ಕಳುಹಿಸಿ ಎಂದು ಹೇಳಬೇಕಾಯಿತು. ಬರೀ ಓದು ಕೇಳಿ ಅಷ್ಟು ಜನ ಅಳುತ್ತಾರೆ ಅಂದರೆ ಆ ಓದು ಹೇಗಿದ್ದಿರಬೇಕು!

ಒಳ್ಳೆಯ ಓದಿಗೆ ನಟನೆ ಬೇಕಿಲ್ಲ. ದನಿ ನಡುಗಿಸುವುದು, ಕೈ ಬೀಸುವುದು ಯಾವುದೂ ಬೇಡ. ಮನೆಯಲ್ಲಿ ಗಟ್ಟಿಯಾಗಿ ನಾಲ್ಕು ಸಲ ಓದಿ ನೋಡಿ. ಯಾರು ಯಾರಿಗೆ ಮಾತಾಡುತ್ತಿದ್ದಾರೆ, ಯಾವ ವಾಕ್ಯದಲ್ಲಿ ತಿರುವು ಇದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಗುರುತು ಹಾಕಿಕೊಳ್ಳಿ. ಆದಿಕಾಂಡ 22ರಲ್ಲಿ ಇಸಾಕನು ಬೆಂಕಿ ಇದೆ, ಕಟ್ಟಿಗೆ ಇದೆ, ಹೋಮಕ್ಕೆ ಕುರಿ ಎಲ್ಲಿ ಎಂದು ತಂದೆಯನ್ನು ಕೇಳುತ್ತಾನೆ. ಆ ಪ್ರಶ್ನೆಯ ನಂತರ ಒಂದು ಕ್ಷಣ ನಿಲ್ಲಿಸಿ ಓದಿದರೆ ಸಾಕು, ಸಭೆ ಉಸಿರು ಬಿಗಿಹಿಡಿಯುತ್ತದೆ. ಓಡಿಸಿಕೊಂಡು ಓದಿದರೆ ಅದೇ ಮಾತು ಹೆಸರುಗಳ ಪಟ್ಟಿಯ ಹಾಗೆ ಕೇಳಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಂತೂ ವಾಕ್ಯಗಳು ಎಷ್ಟು ಉದ್ದ ಅಂದರೆ, ಎಲ್ಲಿ ಒತ್ತು ಕೊಡಬೇಕು ಎಂದು ಮೊದಲೇ ನೋಡಿಕೊಳ್ಳದಿದ್ದರೆ ಓದುವವರೇ ನಡುದಾರಿಯಲ್ಲಿ ಕಳೆದುಹೋಗುತ್ತಾರೆ. ಅಧ್ಯಾಯ ವಚನ ಎರಡು ಸಲ ಹೇಳಿ. ಪುಟ ಮಗುಚುವ ಸದ್ದು ನಿಲ್ಲುವವರೆಗೆ ಕಾಯಿರಿ. ಆಮೇಲೆ ಓದಿ, ಮುಗಿಸಿ, ಕೂತುಬಿಡಿ. ಎಂಥ ಅದ್ಭುತ ವಾಕ್ಯ ಅಲ್ವಾ ಎಂದು ಕೇಳಬೇಡಿ. ಅದ್ಭುತ ಹೌದೋ ಅಲ್ಲವೋ ಅನ್ನೋದನ್ನು ವಾಕ್ಯವೇ ನೋಡಿಕೊಳ್ಳುತ್ತದೆ.

ಮತ್ತೆ, ಸಾಕಷ್ಟು ಓದಿ. ಪಾಠಗಳ ಪಟ್ಟಿ ಇಟ್ಟುಕೊಂಡ ಸಭೆಗಳಲ್ಲಿ ಹಳೆಯ ಒಡಂಬಡಿಕೆ, ಕೀರ್ತನೆ, ಪತ್ರಿಕೆ, ಸುವಾರ್ತೆ ನಾಲ್ಕೂ ಪ್ರತಿ ಭಾನುವಾರ ಕಿವಿಗೆ ಬೀಳುತ್ತವೆ. 1992ರಲ್ಲಿ ಹಲವು ಸಭೆಗಳಿಗಾಗಿ ಪ್ರಕಟವಾದ ಪರಿಷ್ಕೃತ ಪಾಠಪಟ್ಟಿ ಮೂರು ವರ್ಷದ ಸುತ್ತಿನದು. ಸತ್ಯವೇದವೇ ನಮ್ಮ ಆಧಾರ ಎಂದು ಹೆಮ್ಮೆಯಿಂದ ಹೇಳುವ ಎಷ್ಟೋ ಸಭೆಗಳಲ್ಲಿ ಮಾತ್ರ ಪ್ರಸಂಗಕ್ಕೆ ಬೇಕಾದ ನಾಲ್ಕೈದು ವಚನ ಬಿಟ್ಟರೆ ಬೇರೇನೂ ಓದುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ತಿಮೊಥೆಯನಿಗೆ ಪೌಲನು ಹೇಳಿದ ಕೆಲಸಗಳಲ್ಲಿ ಸಭೆಯ ಮುಂದೆ ಓದುವುದೇ ಮೊದಲನೆಯದು. ಬುದ್ಧಿ ಹೇಳುವುದು, ಉಪದೇಶ ಮಾಡುವುದು ಆಮೇಲೆ ಬರುತ್ತವೆ.

ಇನ್ನು ಪ್ರಾರ್ಥನೆ. ಸಭೆಯ ಪರವಾಗಿ ಪ್ರಾರ್ಥಿಸುವುದು ನನ್ನ ಪ್ರಕಾರ ಪ್ರಸಂಗಕ್ಕಿಂತ ಕಷ್ಟ. ಪ್ರಸಂಗ ಇಷ್ಟವಾಗದಿದ್ದರೆ ಕೇಳುವವರು ಒಳಗೇ ಒಪ್ಪದೆ ಇರಬಹುದು. ಪ್ರಾರ್ಥನೆಯಲ್ಲಿ ಅವರ ಬಾಯನ್ನೇ ನಾವು ಎರವಲು ತೆಗೆದುಕೊಂಡಿರುತ್ತೇವೆ. 1 ಕೊರಿಂಥ 14ರಲ್ಲಿ ಪೌಲನು ಕೇಳುವ ಪ್ರಶ್ನೆ ಇದೇ: ನೀನು ಹೇಳುತ್ತಿರುವುದು ಗೊತ್ತಾಗದವನು ನಿನ್ನ ಸ್ತೋತ್ರಕ್ಕೆ ಆಮೆನ್ ಹೇಗೆ ಹೇಳಾನು? ಆತ ಮಾತಾಡುತ್ತಿದ್ದದ್ದು ಅನ್ಯಭಾಷೆಯ ಬಗ್ಗೆ. ಆದರೆ ಅರ್ಥವಾಗುವ ಭಾಷೆಯಲ್ಲೂ ಜನ ಆಮೆನ್ ಹೇಳಲಾಗದಂತೆ ಪ್ರಾರ್ಥಿಸುವುದು ಸಾಧ್ಯ. ನನ್ನ ಸ್ವಂತ ವಾರದ ಅನುಭವವನ್ನು ಎಲ್ಲರ ಬಾಯಲ್ಲಿ ಇಟ್ಟರೆ, ನನ್ನ ರಾಜಕೀಯ ಅಭಿಪ್ರಾಯವನ್ನು ದೇವರಿಗೆ ವರದಿ ಒಪ್ಪಿಸಿದರೆ, ತಡವಾಗಿ ಬಂದವರಿಗೆ ಮುಟ್ಟಲಿ ಎಂದು ಕರ್ತನೇ, ಸಮಯಕ್ಕೆ ಬರುವ ಮನಸ್ಸು ಕೊಡು ಎಂದರೆ ಯಾರು ಆಮೆನ್ ಅನ್ನಬೇಕು? ಹಾಗೆ ಪ್ರಾರ್ಥಿಸುವವರು ದೇವರ ಕಡೆ ಮುಖ ಮಾಡಿ ಜನರ ಜೊತೆ ಮಾತಾಡುತ್ತಿದ್ದಾರೆ ಅಷ್ಟೇ. ಪ್ರಾರ್ಥನೆಯ ಹೆಸರಿನಲ್ಲಿ ಬಂದ ಮೂರನೆಯ ದನಿ ಅದು.

ಬರೆದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬರೆದದ್ದನ್ನೇ ಓದಬೇಕು ಅಂತಿಲ್ಲ. ಬರೆಯುವಾಗ ಕಣ್ಣಮುಂದೆ ಸಭೆಯ ಒಬ್ಬೊಬ್ಬರೂ ಬರುತ್ತಾರೆ, ಅದಕ್ಕಾಗಿ. ಗಂಡನನ್ನು ಕಳೆದುಕೊಂಡವರು, ಕೆಲಸ ಹೋದವರು, ಮಕ್ಕಳಿಗಾಗಿ ಕಾದು ಬೇಸತ್ತವರು, ನಂಬಿಕೆಯ ಅಂಚಿನಲ್ಲಿ ನಿಂತು ಸುಮ್ನೆ ಬಂದು ಹೋಗುವವರು. ಇವರೆಲ್ಲರೂ ಈ ಸಾಲಿಗೆ ಆಮೆನ್ ಅನ್ನಬಲ್ಲರಾ ಎಂದು ಕೇಳಿಕೊಂಡರೆ ಎಷ್ಟೋ ಸಾಲುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಕರ್ತನೇ, ಕರ್ತನೇ ಎಂದು ಪ್ರತಿ ನಾಲ್ಕು ಪದಕ್ಕೊಮ್ಮೆ ಬರುವುದೂ ನಿಲ್ಲುತ್ತದೆ. ಆ ಹೆಸರನ್ನು ಉಸಿರು ಎಳೆದುಕೊಳ್ಳಲು ಬಳಸಬಾರದು, ಅದು ನಾವು ಯಾರನ್ನು ಕರೆಯುತ್ತಿದ್ದೇವೋ ಆತನ ಹೆಸರು. ಯಾರದಾದರೂ ಕಾಯಿಲೆಗಾಗಿ ಹೆಸರು ಹಿಡಿದು ಪ್ರಾರ್ಥಿಸುವ ಮೊದಲು ಅವರ ಒಪ್ಪಿಗೆ ಕೇಳಿ. ಕಾಯಿಲೆಯ ವಿವರ ದೇವರಿಗೆ ಗೊತ್ತು, ಸಭೆಗೆ ಗೊತ್ತಾಗಬೇಕಾ ಎಂಬುದು ಆ ವ್ಯಕ್ತಿಗೆ ಬಿಟ್ಟದ್ದು. ಪ್ರಾರ್ಥನೆ ನಮ್ಮ ಸಭೆಯ ಗೋಡೆಯೊಳಗೇ ನಿಂತುಬಿಡಬಾರದು. 1 ತಿಮೊಥೆ 2ರಲ್ಲಿ ಎಲ್ಲ ಮನುಷ್ಯರಿಗಾಗಿ, ಅರಸರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ವಿಜ್ಞಾಪನೆ ಮಾಡಿ ಎಂದಿದೆ. ಆಗ ಆಳುತ್ತಿದ್ದ ಚಕ್ರವರ್ತಿ ಕ್ರೈಸ್ತನಲ್ಲ, ಕ್ರೈಸ್ತರ ಸ್ನೇಹಿತನೂ ಅಲ್ಲ.

ದುಃಖದ ಬಗ್ಗೆ ಹೇಳಲೇಬೇಕು. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳಿನ ಹಾಡುಗಳು. ಎಷ್ಟರವರೆಗೆ, ಯಾಕೆ, ಎಲ್ಲಿದ್ದೀ ಎಂದು ಕೇಳುವವು. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾನೆ ದೇವರು. ನಮ್ಮ ಆರಾಧನೆಗಳಲ್ಲಿ ಈ ದನಿ ಎಲ್ಲಿ ಹೋಯಿತು? ಆ ವಾರ ಮಣ್ಣು ಮಾಡಿ ಬಂದವರು ಮೂರನೆಯ ಸಾಲಿನಲ್ಲಿ ಕೂತಿರುತ್ತಾರೆ. ಮುಂದೆ ನಿಂತವರು ನಿಮ್ಮ ಚಿಂತೆಗಳನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬನ್ನಿ, ನಗುನಗುತ್ತಾ ಸ್ತುತಿಸೋಣ ಎನ್ನುತ್ತಾರೆ. ಯಾಕೆ ಹೊರಗೆ ಬಿಡಬೇಕು? ಬೇರೆಲ್ಲಿಗೆ ತೆಗೆದುಕೊಂಡು ಹೋಗಬೇಕು ಅವರು? ದೇವರ ಮುಂದೆ ಸುಳ್ಳು ಮುಖ ಹಾಕಿಕೊಳ್ಳಿ ಎಂದು ಹೇಳುವುದು ಭಕ್ತಿಗೆ ಪೂರಾ ವಿರುದ್ಧ. ತಿಂಗಳಿಗೆ ಒಂದು ಭಾನುವಾರವಾದರೂ ಗೋಳಿನ ಕೀರ್ತನೆ ಓದಿಸಿ. ಅದನ್ನು ಓದಿದ ಕೂಡಲೇ ಸಂತೋಷದ ಹಾಡಿಗೆ ಹಾರಬೇಡಿ. ನಡುವೆ ಸ್ವಲ್ಪ ಹೊತ್ತು ಬಿಡಿ.

ಮೌನ ನಮಗೆ ಯಾಕೋ ಭಯ. ಎರಡು ಸೆಕೆಂಡ್ ಸದ್ದಿಲ್ಲದಿದ್ದರೆ ಕೀಬೋರ್ಡ್ ಮೆಲ್ಲನೆ ಶುರುವಾಗುತ್ತದೆ. ಪ್ರಕಟನೆ 8ರಲ್ಲಿ ಏಳನೆಯ ಮುದ್ರೆ ಒಡೆದಾಗ ಪರಲೋಕದಲ್ಲೇ ಸುಮಾರು ಅರ್ಧ ಗಂಟೆ ನಿಶ್ಶಬ್ದವಾಯಿತು ಎಂದಿದೆ. ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ ಜನರ ಪೂರ್ಣ ಭಾಗವಹಿಸುವಿಕೆ ಬೇಕು ಎಂದು ಒತ್ತಿ ಹೇಳಿತು. ಹಾಡು, ಉತ್ತರ, ಚಲನೆಗಳ ಜೊತೆಗೆ ಭಕ್ತಿಯ ಮೌನವನ್ನೂ ಅಲ್ಲೇ ಸೇರಿಸಿತು. ಅಂದರೆ ಸುಮ್ಮನಿರುವುದೂ ಭಾಗವಹಿಸುವುದೇ. ಪಾಪದ ಅರಿಕೆಯಲ್ಲಂತೂ ಇದು ಬೇಕೇ ಬೇಕು. ಮೌನವಾಗಿ ಅರಿಕೆ ಮಾಡೋಣ ಎಂದು ಹೇಳಿ, ಜನ ಕಣ್ಣು ಮುಚ್ಚುವ ಮೊದಲೇ ಮುಂದಿನ ವಾಕ್ಯ ಹೇಳಿದರೆ ಅರಿಕೆ ಮಾಡುವುದು ಯಾವಾಗ? ನೀವೂ ನಿಮ್ಮ ಅರಿಕೆ ಮಾಡಿ ಮುಗಿಸಿ, ಆಮೇಲೆ ಬಾಯಿ ತೆರೆಯಿರಿ. ಮತ್ತೆ ಕ್ಷಮೆಯನ್ನು ಗೊಣಗಬೇಡಿ. 1 ಯೋಹಾನ 1:9 ಹಿಡಿದು ತಲೆಯೆತ್ತಿ, ಜನರ ಮುಖ ನೋಡಿ, ಸ್ಪಷ್ಟವಾಗಿ ಹೇಳಿ. ಒಂದು ವಾರ ತಲೆ ತಗ್ಗಿಸಿಕೊಂಡು ಓಡಾಡಿದವರು ಕೇಳಲು ಬಂದಿರುವುದೇ ಅದನ್ನು.

ಹಾಡಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆಯುವವರು ಬೇಕಾದಷ್ಟು ಇದ್ದಾರೆ. ಒಂದೇ ಮಾತು: ಹಾಡು ಸಭೆಯದು. ಸುಮಾರು 112ರಲ್ಲಿ ರೋಮಿನ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ನಿಗದಿಯಾದ ದಿನ ಬೆಳಗಾಗುವ ಮೊದಲೇ ಸೇರಿ ಕ್ರಿಸ್ತನನ್ನು ದೇವರೆಂದು ಒಬ್ಬರಿಗೊಬ್ಬರು ಉತ್ತರಿಸುತ್ತಾ ಹಾಡುತ್ತಾರೆ ಎಂದು ತಿಳಿಸಿದ್ದಾನೆ. ಪಕ್ಕದವರ ದನಿ ಕೇಳಿಸದಷ್ಟು ಸ್ಪೀಕರ್ ಜೋರಾಗಿದ್ದರೆ ಉತ್ತರಿಸುವುದು ಹೇಗೆ? ಮೆಥೊಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿ 1761ರಲ್ಲಿ ಕೊಟ್ಟ ಹಾಡಿನ ಸೂಚನೆಗಳಲ್ಲಿ ಎರಡನ್ನೂ ಹೇಳಿದ್ದಾರೆ. ಅರೆಜೀವದ ಹಾಗೆ ಹಾಡಬೇಡಿ, ಗಟ್ಟಿಯಾಗಿ ಹಾಡಿ. ಆದರೆ ಉಳಿದವರ ದನಿಗಿಂತ ನಿಮ್ಮದೇ ಮೇಲೆ ಕೇಳಿಸುವಂತೆ ಅರಚಬೇಡಿ. ಮುಂದೆ ನಿಂತು ಹಾಡಿಸುವವರು ಸಭೆಯ ದನಿ ಎದ್ದ ಕೂಡಲೇ ತಮ್ಮ ದನಿಯನ್ನು ಸ್ವಲ್ಪ ಇಳಿಸಿದರೆ ಆಗುವ ವ್ಯತ್ಯಾಸ ಕೇಳಿಯೇ ತಿಳಿಯಬೇಕು.

ಕರ್ತನ ಭೋಜನದಲ್ಲಿ ಭಕ್ತಿಭಯ ಅಂದಾಗ ನಮ್ಮ ತಲೆಗೆ ಬರುವುದು ಬಿಳಿ ಬಟ್ಟೆ, ಪಾತ್ರೆಗಳ ಹೊಳಪು, ನಿಧಾನದ ನಡೆ. ಎಲ್ಲವೂ ಸರಿ. ಆದರೆ ಪೌಲನು 1 ಕೊರಿಂಥ 11ರಲ್ಲಿ ಆ ಸಭೆಯನ್ನು ಅಯೋಗ್ಯವಾಗಿ ಭೋಜನ ಮಾಡುತ್ತಿದ್ದೀರಿ ಎಂದು ಅಷ್ಟು ಕಟುವಾಗಿ ಬೈದದ್ದು ಯಾಕೆ ನೋಡಿ. ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಬಡವರು ಹಸಿದೇ ಇರುತ್ತಿದ್ದರು. ದೇವರ ಸಭೆಯನ್ನು ತಾತ್ಸಾರ ಮಾಡಿ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಕೇಳಿದ. ಮೇಜಿನ ಪವಿತ್ರತೆ ಕೆಟ್ಟದ್ದು ಹಸಿದವರನ್ನು ಮರೆತದ್ದರಿಂದ. ಪ್ರವಾದಿ ಆಮೋಸನ ಬಾಯಿಂದ ದೇವರು ನಿಮ್ಮ ಹಾಡುಗಳ ಗದ್ದಲ ನನ್ನಿಂದ ತೊಲಗಿಸಿ, ನ್ಯಾಯ ಹೊಳೆಯಂತೆ ಹರಿಯಲಿ ಎಂದದ್ದೂ ಇದೇ ಕಾರಣಕ್ಕೆ. ಹಾಗಾಗಿ ಮೆಟ್ಟಿಲು ಹತ್ತಲಾಗದವರ ಹತ್ತಿರ ರೊಟ್ಟಿ ಹೋಗುತ್ತದಾ, ಹಿಂದಿನ ಸಾಲಿನ ಕಿವಿ ಮಂದವಾದವರಿಗೆ ಕೇಳಿಸುತ್ತದಾ, ಅಕ್ಷರ ಬರದವರು ಪುಸ್ತಕ ಕೈಗೆ ಬಂದಾಗ ಮುಜುಗರಪಡುತ್ತಾರಾ ಎಂದು ನೋಡುವುದು ನಡೆಸುವವರ ಭಕ್ತಿಯ ಒಳಗೇ ಬರುತ್ತದೆ. ಜಸ್ಟಿನ್ ಬರೆದ ಆ ಹಳೆಯ ವಿವರದಲ್ಲೂ ಕೂಟಕ್ಕೆ ಬರಲಾಗದವರಿಗೆ ಸಭಾಸೇವಕರು ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಸಂಗ್ರಹವಾದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು.

ನಡೆಸುವವರ ಒಳಗಿನ ಸ್ಥಿತಿ ಹೇಗಿರಬೇಕು ಎಂದು ಕೇಳುವವರಿದ್ದಾರೆ. ಮನಸ್ಸು ಬತ್ತಿದ ಭಾನುವಾರಗಳು ಬರುತ್ತವೆ, ಎಲ್ಲರಿಗೂ. ಆಗ ಇಲ್ಲದ ಉತ್ಸಾಹವನ್ನು ದನಿಯಲ್ಲಿ ತುಂಬಿಸಲು ಹೋಗಬಾರದು. ದೇವರ ವಾಕ್ಯವನ್ನು ನಿಷ್ಠೆಯಿಂದ ಓದಿ, ಸಭೆಯ ಪ್ರಾರ್ಥನೆಯನ್ನು ನಿಷ್ಠೆಯಿಂದ ಹೇಳಿ. ಅವು ನಮ್ಮ ಸ್ವಂತ ಮಾತಲ್ಲ ಅನ್ನೋದು ಅಂಥ ದಿನ ದೊಡ್ಡ ಆಸರೆ. ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಲ್ಲುವವರ ಕೆಲಸ ನಮ್ಮದು. ಬಾಗಿಲ ನಡುವೆಯೇ ನಿಂತು ಎಷ್ಟು ಚೆನ್ನಾಗಿ ಮಾತಾಡಿದರೂ ಒಳಗೆ ಹೋಗುವವರಿಗೆ ಅಡ್ಡಿಯೇ. ಆರಾಧನೆಗೆ ಅರ್ಧ ಗಂಟೆ ಮೊದಲೇ ಬನ್ನಿ. ಫೋನ್ ಆಫ್ ಮಾಡಿ ಇಡಿ. ಓದುವವರಿಗೆ, ಹಾಡುವವರಿಗೆ ಹೇಳಬೇಕಾದದ್ದನ್ನು ಆಗಲೇ ಹೇಳಿ. ಆಮೇಲೆ ಒಬ್ಬರೇ ಕೂತು, ನೀವು ಜನರಿಗೆ ಓದಲಿರುವ ಕೀರ್ತನೆಯನ್ನು ಮೊದಲು ನಿಮಗಾಗಿ ಪ್ರಾರ್ಥಿಸಿ.

ಆಶೀರ್ವಚನವನ್ನು ಬಾಯಿಪಾಠ ಮಾಡಿ. ಸತ್ಯವೇದದ ಅರಣ್ಯಕಾಂಡ 6ರ ಆ ಮೂರು ವಚನಗಳು ಬಹಳ ಹಳೆಯವು. 1979ರಲ್ಲಿ ಯೆರೂಸಲೇಮಿನ ಬಳಿ ಒಂದು ಸಮಾಧಿಯಲ್ಲಿ ಬೆಳ್ಳಿಯ ಎರಡು ಪುಟ್ಟ ಸುರುಳಿಗಳು ಸಿಕ್ಕವು. ಸುಮಾರು 2600 ವರ್ಷ ಹಿಂದಿನ ಆ ಸುರುಳಿಗಳ ಮೇಲೆ ಇದೇ ಆಶೀರ್ವಾದದ ಸಾಲುಗಳಿವೆ. ಯಾರೋ ಅದನ್ನು ಮೈಮೇಲೆ ಧರಿಸಿ ಓಡಾಡಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಅಂಥ ಮಾತನ್ನು ಚೀಟಿ ನೋಡಿಕೊಂಡು, ಚೀಲ ಎತ್ತಿಕೊಳ್ಳುತ್ತಿರುವ ಜನರ ಬೆನ್ನಿಗೆ ಹೇಳಬಾರದು. ಇದನ್ನು ಯಾರು ಉಚ್ಚರಿಸಬಹುದು ಎಂಬ ನಿಯಮ ಸಭೆಯಿಂದ ಸಭೆಗೆ ಬೇರೆ. ಕೆಲವು ಕಡೆ ಬೋಧಕ ದೀಕ್ಷೆಯಾಗದವರು ನಿಮ್ಮನ್ನು ಎನ್ನುವ ಬದಲು ನಮ್ಮನ್ನು ಎಂದು ಹೇಳುತ್ತಾರೆ. ನಿಮ್ಮ ಸಭೆಯ ಕ್ರಮವನ್ನೇ ಅನುಸರಿಸಿ. ಹೇಗೆ ಹೇಳಿದರೂ ಎಲ್ಲರೂ ನಿಲ್ಲುವವರೆಗೆ ಕಾಯಿರಿ. ನಿಮ್ಮನ್ನು ಎಂದು ಹೇಳುವವರು ಕಣ್ಣು ಮುಚ್ಚಿಕೊಳ್ಳಬೇಡಿ. ನೀವು ಆಗ ದೇವರ ಹೆಸರನ್ನು ಜನರ ಮೇಲೆ ಇಡುತ್ತಿದ್ದೀರಿ, ಅವರನ್ನು ನೋಡಿಯೇ ಹೇಳಬೇಕು. ಆಮೇಲೆ ಏನನ್ನೂ ಸೇರಿಸಬೇಡಿ. ಮುಂದಿನ ವಾರದ ಕೂಟದ ಪ್ರಕಟಣೆಯೊಂದು ಬಿಟ್ಟುಹೋದದ್ದು ಆಗಲೇ ನೆನಪಾಗುತ್ತದೆ, ಯಾವಾಗಲೂ ಹಾಗೇ. ಅದನ್ನು ಹೊರಗೆ ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರಿಗೂ ಹೇಳಿದರಾಯಿತು.